ಕೊನೆಯ ಬಂಡಿಯ ಮುಷ್ಟಿ

ಮಾತು ಕೇಳಿಸದ ಕಡೆ ಮನುಷ್ಯನು ಕೈಯಿಂದ ಮಾತಾಡುತ್ತಾನೆ. ರೈಲಿನ ಗಾರ್ಡು ಹಸಿರು ಬಾವುಟ ಬೀಸುವುದೂ, ಗದ್ದಲದ ತರಗತಿಯಲ್ಲಿ ಉಪಾಧ್ಯಾಯನು ತುಟಿಯ ಮೇಲೆ ಬೆರಳಿಡುವುದೂ ಒಂದೇ ಭಾಷೆಗೆ ಸೇರಿದ ಮಾತುಗಳು. ಈ ಭಾಷೆಯ ಶಬ್ದಕೋಶ ಬಹು ಚಿಕ್ಕದು. ಆದರೆ ಇದರಲ್ಲಿ ಅಪಶಬ್ದಕ್ಕೆ ತೆರಬೇಕಾದ ದಂಡ ಕೆಲವೊಮ್ಮೆ ಬಹು ದೊಡ್ಡದು. ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ಸಂಗತಿ ಮನವರಿಕೆಯಾದದ್ದು ಪುಸ್ತಕದಿಂದಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿ, ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದಾಗ, ಅಳಿಯ ನಡೆಸುತ್ತಿದ್ದ ಹಿಮದ ಬಂಡಿಯ ಹಿಂದಿನ ಆಸನದಲ್ಲಿ ಕುಳಿತು ನಾನು ಈ ಪಾಠವನ್ನು ಕಲಿತೆ.

ಹಿಮದ ಬಂಡಿ ಎಂದೆ. ಅಲ್ಲಿಯವರು ಅದನ್ನು ಸ್ನೋಮೊಬೈಲ್ ಎನ್ನುತ್ತಾರೆ. ಮೋಟಾರ್ ಸೈಕಲಿನಂತೆ ಎರಡೂ ಬದಿಗೆ ಕಾಲು ಹಾಕಿ ಕುಳಿತು ನಡೆಸುವ ವಾಹನ. ಮುಂದೆ ಚಕ್ರದ ಬದಲು ಹಿಮದ ಮೇಲೆ ಜಾರುವ ಎರಡು ಪಟ್ಟಿಗಳು. ಕೆಳಗೆ, ಹಿಮವನ್ನು ಕಚ್ಚಿ ತಳ್ಳುತ್ತ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಈಗ ಇದು ಬಹುಮಟ್ಟಿಗೆ ವಿನೋದದ ವಾಹನವಾಗಿದೆ. ಹುಟ್ಟಿದ್ದು ಮಾತ್ರ ವಿನೋದಕ್ಕಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾನ್ ಬೊಂಬಾರ್ದಿಯೇ ಎಂಬ ಯಂತ್ರಕುಶಲಿ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಆಯಿತು. ದಾರಿಯೆಲ್ಲ ಹಿಮದಲ್ಲಿ ಹೂತುಹೋಗಿದ್ದರಿಂದ ಆಸ್ಪತ್ರೆ ಮುಟ್ಟಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನಕ್ಕಾಗಿ ಅದಾಗಲೇ ಪ್ರಯೋಗ ಮಾಡುತ್ತಿದ್ದ ಆ ತಂದೆ 1937ರಲ್ಲಿ ತನ್ನ ಪಟ್ಟಿಯ ವಿಧಾನಕ್ಕೆ ಪೇಟೆಂಟ್ ಪಡೆದು, ಏಳು ಜನ ಕೂರುವ ವಾಹನವನ್ನು ಮಾರಾಟಕ್ಕೆ ತಂದ. ಒಬ್ಬಿಬ್ಬರು ಕೂರುವ ಹಗುರವಾದ ಬಂಡಿ ಅವನ ಕಾರ್ಖಾನೆಯಿಂದ 1959ರಲ್ಲಿ ಹೊರಬಂತು. ಈ ವಾಹನದ ಕಥೆಯ ಮೊದಲಲ್ಲೇ, ದಾರಿಯಿಲ್ಲದೆ ಹಿಂದೆ ಉಳಿದುಹೋದ ಒಂದು ಜೀವವಿದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಮಿನ್ನೆಸೋಟದಲ್ಲಿ ಈ ಬಂಡಿಗಳಿಗೆಂದೇ 22,000 ಮೈಲಿಗೂ ಮೀರಿದ ಜಾಡುಗಳಿವೆ. ಅವುಗಳ ಬಹುಪಾಲನ್ನು ಊರೂರಿನ ಸವಾರ ಸಂಘಗಳ ಸದಸ್ಯರು ತಾವೇ ನಿಂತು ಹಸನು ಮಾಡುತ್ತಾರೆ. ಕಾಡಿನ ನಡುವೆ ಬಿಳಿಯ ಪಂಚೆ ಹಾಸಿದಂತೆ ಸಾಗುವ ಈ ಜಾಡಿನಲ್ಲಿ ಹೋಗುವವರೂ ಬರುವವರೂ ಎದುರುಬದುರಾಗುತ್ತಾರೆ. ನಡುವೆ ಗೆರೆ ಎಳೆದಿರುವುದಿಲ್ಲ. ಎಲ್ಲರೂ ಬಲಕ್ಕೆ ಸರಿದು ಹೋಗಬೇಕೆಂಬುದೇ ಗೆರೆ. ವೇಗದ ಮಿತಿ ಗಂಟೆಗೆ 50 ಮೈಲಿ. ಅಂದರೆ ಸೆಕೆಂಡಿಗೆ ಸುಮಾರು 22 ಮೀಟರು. ಎದುರಿನವನೂ ಅಷ್ಟೇ ವೇಗದಲ್ಲಿ ಬಂದರೆ ಇಬ್ಬರ ನಡುವಿನ ಅಂತರ ಸೆಕೆಂಡಿಗೆ ಸುಮಾರು 45 ಮೀಟರಿನಂತೆ ಕರಗುತ್ತದೆ. ಪೈನ್ ಮರಗಳು ಒತ್ತಾಗಿ ಬೆಳೆದ ತಿರುವಿನಲ್ಲಿ ಎದುರಿನ ಬಂಡಿ ಕಾಣಿಸುವ ದೂರವೇ ಎಷ್ಟೋ ವೇಳೆ ಅಷ್ಟಿರುವುದಿಲ್ಲ. ಮುಂದಿನ ಬಂಡಿ ಎಬ್ಬಿಸಿದ ಹಿಮದ ಧೂಳು ಹಿಂದಿನವನ ಕಣ್ಣು ಕಟ್ಟುತ್ತದೆ. ಎಂಜಿನ್ನಿನ ಸದ್ದು, ಕಿವಿ ಮುಚ್ಚಿದ ಹೆಲ್ಮೆಟ್ಟು. ಕೂಗಿದರೆ ಯಾರಿಗೂ ಕೇಳದು. ಇಂಥ ಕಡೆ ಕೈಸನ್ನೆ ಹುಟ್ಟದೆ ಏನು ಮಾಡೀತು?

ಸವಾರರಿಗೆ ಕಲಿಸುವ ಸನ್ನೆಗಳು ಸಾಮಾನ್ಯವಾಗಿ ಏಳು. ಎಲ್ಲವೂ ಎಡಗೈಯವೇ, ಏಕೆಂದರೆ ಬಲಗೈಯ ಹೆಬ್ಬೆರಳು ಎಂಜಿನ್ನಿನ ವೇಗವನ್ನು ಹಿಡಿದಿರುತ್ತದೆ. ಎಡಗೈ ನೇರವಾಗಿ ಪಕ್ಕಕ್ಕೆ ಚಾಚಿದರೆ ಎಡಕ್ಕೆ ತಿರುಗುತ್ತೇನೆಂದು ಅರ್ಥ. ಮೊಣಕೈ ಮಡಿಸಿ ಮುಂಗೈ ಮೇಲಕ್ಕೆತ್ತಿದರೆ ಬಲಕ್ಕೆ. ತೋಳನ್ನೇ ತಲೆಯ ಮೇಲೆ ನೆಟ್ಟಗೆ ಎತ್ತಿದರೆ ನಿಲ್ಲುತ್ತೇನೆಂದು. ಕೈಯನ್ನು ಕೆಳಕ್ಕೆ ಇಳಿಬಿಟ್ಟು ಅಲುಗಿಸಿದರೆ ನಿಧಾನಿಸುತ್ತೇನೆಂದು. ಎದುರಿನಿಂದ ಬಂಡಿ ಬರುತ್ತಿದ್ದರೆ ಕೈಯನ್ನು ತಲೆಯ ಮೇಲಿಂದ ಬಲಗಡೆಗೆ ಬಾಗಿಸಿ ಹಿಂದಿನವರಿಗೆ ತಿಳಿಸಬೇಕು. ತನ್ನ ಹಿಂದೆ ಇನ್ನೂ ಬಂಡಿಗಳಿದ್ದರೆ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಬೇಕು. ಸಾಲಿನ ಕೊನೆಯವನು ಮೊಣಕೈ ಮಡಿಸಿ ಮುಷ್ಟಿ ಎತ್ತಿ ಹಿಡಿಯಬೇಕು: ನನ್ನ ಹಿಂದೆ ಯಾರೂ ಇಲ್ಲ.

ಇವುಗಳ ಜೊತೆಗೆ ಸವಾರರಲ್ಲಿ ಇನ್ನೊಂದು ರೂಢಿ ಬೆಳೆದಿದೆ. ಎದುರಿನವರಿಗೆ ತನ್ನ ಹಿಂದೆ ಎಷ್ಟು ಬಂಡಿಗಳಿವೆಯೆಂದು ಬೆರಳೆಣಿಸಿ ತೋರಿಸುವುದು. ಹಿಂದೆ ನಾಲ್ವರಿದ್ದರೆ ನಾಲ್ಕು ಬೆರಳು, ಮೂವರಿದ್ದರೆ ಮೂರು. ನೋಡಲು ಚೆಂದ. ಗುರುತಿಲ್ಲದ ಇಬ್ಬರು ಕಾಡಿನಲ್ಲಿ ಕ್ಷಣಮಾತ್ರ ಸಂಧಿಸಿ, ಒಬ್ಬರ ಕ್ಷೇಮವನ್ನು ಇನ್ನೊಬ್ಬರು ಬಯಸಿ ಹೋಗುವ ಈ ರೀತಿ ಮೊದಲ ದಿನ ನನಗೆ ಬಹಳ ಹಿಡಿಸಿತು. ಹಿಂದಿನ ಆಸನದಲ್ಲಿ ಕುಳಿತ ನಾನೂ ಬೆರಳೆತ್ತಿದೆ. ಅಳಿಯ ನಕ್ಕು, “ಮಾವ, ನೀವು ನನ್ನನ್ನು ಬಿಗಿಯಾಗಿ ಹಿಡಿದುಕೊಂಡರೆ ಅದೇ ದೊಡ್ಡ ಸನ್ನೆ” ಎಂದರು.

ಫೆಬ್ರವರಿಯ ಒಂದು ಬೆಳಿಗ್ಗೆ ನಾವು ಐದು ಬಂಡಿಗಳಲ್ಲಿ ಹೊರಟೆವು. ಮುಂದೆ ಅಳಿಯನ ಸಹೋದ್ಯೋಗಿ, ಎರಡನೆಯದು ನಮ್ಮದು, ಕೊನೆಯದರಲ್ಲಿ, ಆ ವರ್ಷವೇ ಸವಾರಿ ಕಲಿತಿದ್ದ ಒಬ್ಬ ತರುಣಿ. ಒಂದು ತಿರುವು ದಾಟಿದ ಮೇಲೆ ಎದುರಿನಿಂದ ಮೂರು ಬಂಡಿಗಳು ಬಂದವು. ನಮ್ಮ ಮುಂದಾಳು ನಾಲ್ಕು ಬೆರಳು ತೋರಿಸಿದ, ಅಳಿಯ ಮೂರು, ಮೂರನೆಯವನು ಎರಡು, ನಾಲ್ಕನೆಯವನು ಒಂದು. ಲೆಕ್ಕದಲ್ಲಿ ಲೋಪವಿಲ್ಲ. ಆದರೆ ಐದನೆಯವಳು ಹೆಲ್ಮೆಟ್ಟಿನ ಗಾಜು ಮಂಜು ಹಿಡಿದು ಏನೂ ಕಾಣದಂತಾಗಿ, ಅರ್ಧ ಮೈಲಿ ಹಿಂದೆಯೇ ನಿಂತು ಅದನ್ನು ಒರೆಸುತ್ತಿದ್ದಳು. ನಮ್ಮಲ್ಲಿ ಯಾರಿಗೂ ಅದು ತಿಳಿಯದು. ಮುಂದಿನ ಕೂಡುದಾರಿಯಲ್ಲಿ ನಿಂತು ತಿರುಗಿ ನೋಡಿದಾಗ ಅವಳಿಲ್ಲ. ಹತ್ತು ನಿಮಿಷದ ಮೇಲೆ ಬಂದಳು, ಮುಖ ಬಿಳಿಚಿಕೊಂಡು. ಅವಳ ಜೊತೆಗೆ ಎದುರಿನಿಂದ ಬಂದಿದ್ದ ಮೂವರಲ್ಲಿ ಒಬ್ಬ, ನಡುವಯಸ್ಸಿನವನು, ಹಿಂತಿರುಗಿ ಬಂದಿದ್ದ.

ಆತ ಸಿಟ್ಟಿನಿಂದ ಮಾತಾಡಲಿಲ್ಲ. “ನೀವು ಇನ್ನೊಬ್ಬರು ಇದ್ದಾರೆಂದು ತೋರಿಸಿದಿರಿ. ನಿಧಾನಿಸಿ ಕಾದೆ. ಒಂದು ನಿಮಿಷವಾದರೂ ಯಾರೂ ಬರಲಿಲ್ಲ. ಬೇರೆ ದಾರಿ ಹಿಡಿದಿರಬೇಕು ಎಂದುಕೊಂಡು ವೇಗ ಹೆಚ್ಚಿಸಿದೆ. ತಿರುವಿನಲ್ಲಿ ಈಕೆ ಎದುರಾದರು” ಎಂದ. ತಿರುವಿನಲ್ಲಿ ಆತ ನಡುಜಾಡಿಗೆ ಬಂದಿದ್ದ. ಕಂಡೊಡನೆ ಬಂಡಿಯನ್ನು ಪಕ್ಕದ ಮೆತ್ತನೆಯ ಹಿಮಕ್ಕೆ ನುಗ್ಗಿಸಿದ್ದ. ಅದು ಹೂತುಕೊಂಡಿತು, ಅಷ್ಟರಲ್ಲೇ ಮುಗಿಯಿತು. ಯಾರಿಗೂ ಗಾಯವಾಗಲಿಲ್ಲ. ಹಿಮವಿದ್ದ ಕಡೆ ಮರವಿದ್ದಿದ್ದರೆ ಏನಾಗುತ್ತಿತ್ತೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಆ ಸಂಜೆ ಬಿಸಿ ಕಾಫಿಯ ಮುಂದೆ ವಾದ ನಡೆಯಿತು. ನೆರೆಮನೆಯ ಮುದುಕರೊಬ್ಬರು, ಹಲವು ಚಳಿಗಾಲ ಜಾಡು ಹಸನು ಮಾಡುವ ಯಂತ್ರ ನಡೆಸಿದವರು, ಸನ್ನೆಯೇ ಬೇಡ ಎಂಬ ಪಕ್ಷ. ಅವರ ವಾದ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಈ ಬಂಡಿಯ ಬ್ರೇಕು ಇರುವುದು ಎಡಗೈಯ ಬಳಿ. ಎದುರಿನಿಂದ ಬಂಡಿ ಬಂದಿದೆ, ತಿರುವಿದೆ. ಬ್ರೇಕು ಬೇಕಾಗುವ ಗಳಿಗೆಯೂ ಅದೇ, ಅದನ್ನು ಬಿಟ್ಟು ಕೈ ಆಕಾಶಕ್ಕೆ ಎತ್ತುವ ಗಳಿಗೆಯೂ ಅದೇ. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದವನ ಬಂಡಿ ಉಬ್ಬುತಗ್ಗಿನ ಮೇಲೆ ಅಡ್ಡ ತಿರುಗಿದರೆ, ತಾನು ಕಾಪಾಡಹೊರಟವನಿಗೇ ಹೋಗಿ ಬಡಿದಾನು. “ಎರಡು ಕೈಯೂ ಹ್ಯಾಂಡಲಿನ ಮೇಲಿರಲಿ, ಬಲಕ್ಕೆ ಸರಿದಿರಿ, ಇನ್ನೊಬ್ಬ ಬರುತ್ತಲೇ ಇದ್ದಾನೆಂದು ಯಾವಾಗಲೂ ತಿಳಿಯಿರಿ” ಎಂದರು ಅವರು. ಅಳಿಯನ ಪಕ್ಷ ಬೇರೆ. ಸನ್ನೆಯಿಲ್ಲದ ಜಾಡು ಮಾತಿಲ್ಲದ ಮನೆಯಂತೆ. ಎದುರಿನವನಿಗೆ ಒಂದು ಎಚ್ಚರಿಕೆಯಾದರೂ ಸಿಗಬೇಡವೆ? ಸನ್ನೆ ಇದ್ದುದರಿಂದಲೇ ಆ ಮನುಷ್ಯ ಒಂದು ನಿಮಿಷವಾದರೂ ಕಾದನಲ್ಲವೆ?

ಇಬ್ಬರ ಮಾತೂ ನಿಜವೇ. ನನಗೆ ಮಾತ್ರ ನನ್ನ ಉದ್ಯೋಗದ ಹಳೆಯ ನೆನಪೊಂದು ಬಂತು. ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ. ಬಸ್ಸು ಹೊರಡುವ ಮುನ್ನ ತಲೆಯೆಣಿಸಿದೆ; ನಲವತ್ತೊಂದು. ಸರಿಯಾಗಿದೆ ಎಂದು ಡ್ರೈವರಿಗೆ ಕೈ ಬೀಸಿದೆ. ಎರಡು ಮೈಲಿ ಹೋದಮೇಲೆ ತಿಳಿಯಿತು: ಎಣಿಕೆಗೆ ಸಿಕ್ಕ ಹುಡುಗನೊಬ್ಬ ಆಮೇಲೆ ನೀರು ಕುಡಿಯಲು ಇಳಿದಿದ್ದ. ನನ್ನ ಲೆಕ್ಕ ತಪ್ಪಲ್ಲ. ಎಣಿಸಿದ ಗಳಿಗೆಗೆ ಅದು ನಿಜ. ಹೊರಟ ಗಳಿಗೆಗೆ ಅದು ಸುಳ್ಳು. ಲೆಕ್ಕ ಸರಿಯಾಗಿದೆಯೆಂಬ ನೆಮ್ಮದಿಯೇ ನನ್ನ ಕಣ್ಣು ಮುಚ್ಚಿಸಿತು. ಹಿಂತಿರುಗಿ ಹೋದಾಗ ಆ ಹುಡುಗ ನಲ್ಲಿಯ ಬಳಿ ಅಳುತ್ತ ನಿಂತಿದ್ದ. “ಸಾರ್, ನೀವು ನನ್ನನ್ನು ಎಣಿಸಿದ್ದಿರಿ” ಎಂದ. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಹಿಮದ ಜಾಡಿನಲ್ಲಿ ನಾವು ಮಾಡಿದ ತಪ್ಪೂ ಅದೇ. ಎದುರಿನವರಿಗೆ ಲೆಕ್ಕ ಒಪ್ಪಿಸುವಾಗ ನಾಲ್ವರೂ ಬೆರಳೆತ್ತಿದರು. ತಮ್ಮ ಹಿಂದೆ ಯಾರಿದ್ದಾರೆಂದು ಒಬ್ಬರೂ ತಿರುಗಿ ನೋಡಲಿಲ್ಲ. ಬೆಳಿಗ್ಗೆ ಮನೆಯ ಮುಂದೆ ಕಲಿತ ಸಂಖ್ಯೆಯನ್ನು ಕಾಡಿನಲ್ಲಿ ಒಪ್ಪಿಸಿದೆವು, ಮಗ್ಗಿ ಒಪ್ಪಿಸಿದಂತೆ. ಸನ್ನೆಯ ದೋಷ ಇಲ್ಲಿದೆ. ಅದು ತೋರಿಸುವವನ ತಿಳಿವಳಿಕೆಯನ್ನು ಹೇಳುವಂತೆ ಕಾಣುತ್ತದೆ. ಎಷ್ಟೋ ವೇಳೆ ಅವನ ಊಹೆಯನ್ನು ಮಾತ್ರ ಹೇಳುತ್ತದೆ. ನೋಡುವವನಿಗೆ ಆ ಭೇದ ತಿಳಿಯುವಂತಿಲ್ಲ. ಎಷ್ಟು ಜನ ಬರಲಿದ್ದಾರೆಂದು ಅವನಿಗೆ ತಿಳಿಸಿದೊಡನೆ, ಅಷ್ಟು ಜನ ಹೋದಮೇಲೆ ಜಾಡು ತನ್ನದೆಂದು ಅವನಿಗೆ ಅಪ್ಪಣೆ ಕೊಟ್ಟಂತೆಯೂ ಆಗುತ್ತದೆ. ಆ ಅಪ್ಪಣೆ ಕೊಡುವ ಅಧಿಕಾರ ನಮಗೆಲ್ಲಿಯದು? ನಮ್ಮ ಗುಂಪಿಗೆ ಸೇರದ ಇನ್ನೊಬ್ಬ ಸವಾರ ನಮ್ಮ ಬೆನ್ನಹಿಂದೆಯೇ ಬರುತ್ತಿರಬಹುದು. ಅವನು ಯಾರ ಬೆರಳಿನ ಲೆಕ್ಕಕ್ಕೂ ಸೇರಿದವನಲ್ಲ.

ಆದಕಾರಣ ನನ್ನ ಅಭಿಪ್ರಾಯ ಇದು. ಬೆರಳೆಣಿಸುವ ರೂಢಿಯನ್ನು ಬಿಡುವುದು ಒಳ್ಳೆಯದು. ನಿಲ್ಲುವ, ನಿಧಾನಿಸುವ, ತಿರುಗುವ ಸನ್ನೆಗಳು ಇರಲಿ. ಅವು ಕೈ ಎತ್ತಿದವನು ತನ್ನನ್ನು ಕುರಿತೇ ಹೇಳುವ ಮಾತುಗಳು, ಅವುಗಳಿಗೆ ಅವನೇ ಪ್ರಮಾಣ. ಎದುರಿನ ಬಂಡಿಯ ಸುದ್ದಿಯನ್ನು ಹಿಂದಿನವರಿಗೆ ದಾಟಿಸುವ ಸನ್ನೆಯೂ ಇರಲಿ. ಅದು ಕಣ್ಣಾರೆ ಕಂಡದ್ದು. ಆದರೆ ಇವೆಲ್ಲ ನೇರವಾದ ಜಾಡಿನಲ್ಲಿ, ವೇಗ ತಗ್ಗಿಸಿದ ಮೇಲೆ. ತಿರುವಿನಲ್ಲಿ ಎರಡು ಕೈಗೂ ಹ್ಯಾಂಡಲೇ ಗತಿ. ಸನ್ನೆ ಮಾಡಲಾಗದಷ್ಟು ಬಿಗಿಯಾದ ತಿರುವಿನಲ್ಲಿ ಸನ್ನೆ ಮಾಡದವನನ್ನು ಅವಿನಯಿ ಎಂದು ಯಾರೂ ಬಯ್ಯಬಾರದು.

ಗುಂಪಿನೊಳಗೆ ಬೇಕಾದದ್ದು ಇನ್ನೊಂದು ಕಟ್ಟಳೆ. ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಹೊಣೆ. ಹಿಂದಿನ ದೀಪ ಕಾಣದಿದ್ದರೆ ನಿಧಾನಿಸಬೇಕು. ಆಗಲೂ ಕಾಣದಿದ್ದರೆ ಬಲಕ್ಕೆ ಸರಿದು, ಎರಡು ಕಡೆಯವರಿಗೂ ಕಾಣುವ ಜಾಗದಲ್ಲಿ ನಿಲ್ಲಬೇಕು. ಕೂಡುದಾರಿಯಲ್ಲಿ ಹಿಂದಿನವನು ಕಣ್ಣಿಗೆ ಬೀಳುವವರೆಗೆ ತಿರುಗಬಾರದು. ಹೀಗೆ ಮಾಡಿದರೆ ಗುಂಪಿನ ವೇಗವನ್ನು ನಿಶ್ಚಯಿಸುವವನು ಮುಂದಾಳಲ್ಲ, ಎಲ್ಲರಿಗಿಂತ ನಿಧಾನವಾದವನು. ಹೊಸಬರನ್ನು ಕೊನೆಯಲ್ಲಿ ಬಿಡದೆ, ನುರಿತ ಇನ್ನೊಬ್ಬನನ್ನು ಕೊನೆಯಲ್ಲಿಡಬೇಕು. ಅವನು ಯಾರನ್ನೂ ದಾಟಿ ಮುಂದೆ ಹೋಗಬಾರದು. ನಾವು ಆ ದಿನ ಮಾಡಿದ್ದು ಇದಕ್ಕೆ ಸರಿಯಾಗಿ ವಿರುದ್ಧ.

ಈಗ ಹೆಲ್ಮೆಟ್ಟಿನೊಳಗೇ ಮಾತಾಡುವ ಉಪಕರಣಗಳು ಬಂದಿವೆಯಲ್ಲ, ಸನ್ನೆಯ ಚರ್ಚೆ ಏಕೆ ಎಂದು ಕೇಳುವವರುಂಟು. ಒಳ್ಳೆಯದೇ, ಆ ತರುಣಿಯಲ್ಲಿ ಅದು ಇದ್ದಿದ್ದರೆ ಗಾಜು ಮಂಜಾಯಿತೆಂದು ಹೇಳುತ್ತಿದ್ದಳು. ಆದರೆ ಅದು ನಮ್ಮವರೊಡನೆ ಮಾತ್ರ ಮಾತಾಡುತ್ತದೆ, ಎದುರಿನ ಅಪರಿಚಿತನೊಡನೆ ಅಲ್ಲ. ಮಿನ್ನೆಸೋಟದಲ್ಲಿ 1976ರ ಡಿಸೆಂಬರ್ 31ರ ನಂತರ ಹುಟ್ಟಿದವರು ಸುರಕ್ಷತೆಯ ಶಿಕ್ಷಣ ಪಡೆದ ಪತ್ರವಿಲ್ಲದೆ ಈ ಬಂಡಿ ನಡೆಸುವಂತಿಲ್ಲ. ಅಂಥ ಶಿಕ್ಷಣವೂ ಬೇಕು. ಕುಡಿದು ಓಡಿಸುವವನಿಗೆ, ರಾತ್ರಿಯಲ್ಲಿ ತನ್ನ ದೀಪದ ಬೆಳಕನ್ನೇ ಮೀರಿ ಓಡುವವನಿಗೆ, ಯಾವ ಸನ್ನೆಯೂ ರಕ್ಷೆಯಾಗದು. ಶಿಕ್ಷಣವಾಗಲಿ ಉಪಕರಣವಾಗಲಿ ಕುತ್ತಿಗೆ ತಿರುಗಿಸುವ ಕೆಲಸವನ್ನು ನಮ್ಮ ಬದಲು ಮಾಡಲಾರವು.

ಏಳು ಸನ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಗೌರವವಿರುವುದು ಕೊನೆಯ ಬಂಡಿಯ ಮುಷ್ಟಿಯ ಮೇಲೆ. ಮುಷ್ಟಿ ಎತ್ತುವುದು ಕೋಪದ ಗುರುತೆಂದು ತಿಳಿದಿದ್ದ ನನಗೆ ಅಲ್ಲಿ ಅದಕ್ಕೆ ಬೇರೆ ಅರ್ಥ ಸಿಕ್ಕಿತು. ನನ್ನ ಗುಂಪಿನವರೆಲ್ಲ ನನ್ನ ಮುಂದಿದ್ದಾರೆ, ನಾನು ಯಾರನ್ನೂ ಬಿಟ್ಟು ಬಂದಿಲ್ಲ ಎಂದು ಅದು ಹೇಳುತ್ತದೆ. ತಿರುಗಿ ನೋಡಿದವನಿಗೆ ಮಾತ್ರ ಅದನ್ನು ಎತ್ತುವ ಹಕ್ಕು. ಮುಂದಿನ ಭಾನುವಾರ ನಾವು ಮತ್ತೆ ಹೊರಟಾಗ ಅಳಿಯ ಯಾರ ಮಾತಿಗೂ ಕಾಯದೆ ನಮ್ಮ ಬಂಡಿಯನ್ನು ಸಾಲಿನ ಕೊನೆಗೆ ತಂದು ನಿಲ್ಲಿಸಿದರು. ಆ ತರುಣಿ ನಮ್ಮ ಮುಂದೆಯೇ ಹೋಗುತ್ತಿದ್ದಳು. ಅವಳ ಕೆಂಪು ದೀಪ ದಾರಿಯುದ್ದಕ್ಕೂ ನಮಗೆ ಕಾಣುತ್ತಲೇ ಇತ್ತು.