ಟ್ವೀಟರಿನ ತುದಿಯಲ್ಲ, ಬುಡ ಮುಖ್ಯ

ಮನೆಯಲ್ಲೇ ಧ್ವನಿಪೆಟ್ಟಿಗೆ ಕಟ್ಟಲು ಹೊರಟಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ಕೇಳಿದ: "ಸರ್, 25 ಸಾವಿರ ಹರ್ಟ್ಜ್‌ವರೆಗೆ ನುಡಿಯುವ ಟ್ವೀಟರ್ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ?" ಬೇಡವೆಂದೆ. ಈ ಹವ್ಯಾಸದವರು ನಿಮ್ಮಲ್ಲಿ ಇನ್ನೂ ಕೆಲವರಿರುವುದನ್ನು ಬಲ್ಲೆನಾದ್ದರಿಂದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಳೆಯರ ಕಿವಿಯ ಮಿತಿಯೇ ಸುಮಾರು 20 ಸಾವಿರ ಹರ್ಟ್ಜ್. ನನ್ನಂಥ ವೃದ್ಧರದು ಅದರ ಅರ್ಧವಿದ್ದರೆ ಪುಣ್ಯ. ಟ್ವೀಟರ್ ಎಷ್ಟು ಮೇಲೆ ಹೋಗುತ್ತದೆ ಎಂಬುದಕ್ಕಿಂತ ಎಷ್ಟು ಕೆಳಗಿನವರೆಗೆ ಆಯಾಸವಿಲ್ಲದೆ ದುಡಿಯುತ್ತದೆ ಎಂಬುದನ್ನೇ ನೋಡಬೇಕೆಂದು ನನ್ನ ಅಭಿಪ್ರಾಯ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ನಿವೃತ್ತನಾದ ಹೊಸತರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎಂಟಿಂಚಿನ ವೂಫರನ್ನೂ ಪಿಯೆಜೊ ಟ್ವೀಟರನ್ನೂ ತಂದು ಪ್ಲೈವುಡ್ ಪೆಟ್ಟಿಗೆ ಕಟ್ಟಿದೆ. ನನ್ನ ಆರಾಮಕುರ್ಚಿಗೆ ಅದು ಸೊಗಸಾಗಿ ಕೇಳುತ್ತಿತ್ತು. ಪಕ್ಕದಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಕುಳಿತು ತರಕಾರಿ ಹೆಚ್ಚುತ್ತ ವಾರ್ತೆ ಕೇಳುವ ನನ್ನ ಶ್ರೀಮತಿ ಮಾತ್ರ, "ದನಿ ಕೇಳುತ್ತೆ ಕಣ್ರೀ, ಮಾತು ತಿಳಿಯೋಲ್ಲ" ಎನ್ನುತ್ತಿದ್ದಳು. ಕಿವಿ ಮಂದವಾಯಿತೆಂದು ತೀರ್ಮಾನಿಸಿ ವೈದ್ಯರಲ್ಲಿಗೆ ಕರೆದೊಯ್ದೆ. ವಯಸ್ಸಿಗೆ ತಕ್ಕ ಕಿವಿ, ದೋಷವಿಲ್ಲ ಎಂದರು. ಒಂದು ಸಂಜೆ ಆಕೆಯ ಮಣೆಯ ಮೇಲೆ ನಾನೇ ಕುಳಿತಾಗ ನನಗೂ ಮಾತು ತಿಳಿಯಲಿಲ್ಲ!

ತರಗತಿಯಲ್ಲಿ ವರ್ಷವರ್ಷವೂ ಪಾಠ ಮಾಡಿದ ಸಂಗತಿಯೇ. ಶಬ್ದದ ತರಂಗದೂರವು ವೂಫರ್ ಶಂಕುವಿನ ವ್ಯಾಸದಷ್ಟಾಗುವ ಹೊತ್ತಿಗೆ, ಧ್ವನಿ ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕಷ್ಟೇ ಹೋಗತೊಡಗುತ್ತದೆ. ಎಂಟಿಂಚಿನ ವೂಫರಿನ ಶಂಕು ಸುಮಾರು 17 ಸೆಂ.ಮೀ.; ಶಬ್ದದ ವೇಗ ಸೆಕೆಂಡಿಗೆ 344 ಮೀಟರ್. ಭಾಗಿಸಿದರೆ 2 ಸಾವಿರ ಹರ್ಟ್ಜ್. ನನ್ನ ಪಿಯೆಜೊ ಸರಿಯಾಗಿ ಬಾಯಿಬಿಡುತ್ತಿದ್ದದ್ದು 4 ಸಾವಿರದ ಮೇಲೆ. ನಡುವಣ ಧ್ವನಿಯೆಲ್ಲ ಕುರ್ಚಿಯಲ್ಲಿದ್ದವನ ಪಾಲಾಗಿತ್ತು. ವ್ಯಂಜನಗಳನ್ನು ಬೇರ್ಪಡಿಸಿ ತಿಳಿಸುವ ಸೂಕ್ಷ್ಮಗಳು ಬಹುಪಾಲು ಅಲ್ಲಿಯೇ ಇವೆ.

ಅದನ್ನು ಬಿಚ್ಚಿ ಆರೂವರೆ ಇಂಚಿನ ವೂಫರನ್ನೂ, ಅನುರಣನ ಆವೃತ್ತಿ ಸುಮಾರು ಸಾವಿರ ಹರ್ಟ್ಜ್ ಇರುವ ಒಂದಿಂಚಿನ ಡೋಮ್ ಟ್ವೀಟರನ್ನೂ ಕೂಡಿಸಿದೆ. ಅನುರಣನದ ಎರಡು ಪಟ್ಟಿಗಿಂತ ಕೆಳಗೆ ಟ್ವೀಟರನ್ನು ದುಡಿಸಬಾರದು. ಆದ್ದರಿಂದ ಸಂಗಮ 2,500ರಲ್ಲಿ. ಒಂದೇ ಕೆಪಾಸಿಟರ್ ಹಾಕಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಅದರ ಇಳಿಜಾರು ಆಕ್ಟೇವಿಗೆ 6 ಡೆಸಿಬೆಲ್ ಮಾತ್ರ. ಕೆಳಗಿನ ಧ್ವನಿ ನುಗ್ಗಿ ಬಡ ಟ್ವೀಟರ್ ಕೀರಲಿಡುತ್ತದೆ, ದನಿ ಏರಿಸಿದರೆ ಸುಟ್ಟೂ ಹೋದೀತು. 4 ಮೈಕ್ರೊಫ್ಯಾರಡ್ ಕೆಪಾಸಿಟರಿನ ಜೊತೆಗೆ 1 ಮಿಲಿಹೆನ್ರಿ ಕಾಯಿಲ್ ಸೇರಿಸಿದರೆ 8 ಓಮ್ ಟ್ವೀಟರಿಗೆ ಇಳಿಜಾರು 12 ಡೆಸಿಬೆಲ್. ವೂಫರಿಗೂ ಅವೇ ಬೆಲೆಗಳು, ಸ್ಥಾನ ಅದಲುಬದಲು. ಟ್ವೀಟರಿನ ತಂತಿಗಳನ್ನು ತಿರುವುಮುರುವಾಗಿ ಜೋಡಿಸಬೇಕು. ಇಲ್ಲವಾದರೆ ಸಂಗಮದಲ್ಲಿ ಒಂದು ತಳ್ಳುವಾಗ ಇನ್ನೊಂದು ಎಳೆದು, ಧ್ವನಿಯೇ ಅಡಗುತ್ತದೆ. ಸೂತ್ರದ ಈ ಬೆಲೆಗಳು ಆರಂಭಕ್ಕಷ್ಟೆ. ಉಳಿದದ್ದನ್ನು ಕಿವಿಯಿಂದ ತಿದ್ದಬೇಕು, ಅದೂ ಪಕ್ಕದಲ್ಲಿ ಕುಳಿತು.

ತಾಮ್ರದ ಕಾಯಿಲಿಗೆ ಟ್ವೀಟರಿಗಿಂತ ಹೆಚ್ಚು ಹಣ ತೆತ್ತೆ. ಈಗ ವಾರ್ತೆಯ ನಡುವೆ "ಏನಂದ್ರು?" ಎಂಬ ಪ್ರಶ್ನೆ ಬಾಗಿಲಿನಿಂದ ಬರುವುದಿಲ್ಲ. ವೈದ್ಯರಲ್ಲಿಗೆ ಕರೆದೊಯ್ದದ್ದನ್ನು ಮಾತ್ರ ಆಕೆ ಇನ್ನೂ ಮರೆತಿಲ್ಲ.