ಫೇರಿಂಗ್‌ಗೆ ದುಡ್ಡು ಕೊಡೋ ಮುಂಚೆ

ನಮ್ಮ ಕ್ಯಾಂಪಸ್ ಪಾರ್ಕಿಂಗ್‌ಗೆ ಫುಲ್ ಫೇರಿಂಗ್ ಇರೋ ಬೈಕ್ ಬಂದ್ರೆ ಎಲ್ಲರೂ ತಿರುಗಿ ನೋಡ್ತಾರೆ. ಫೇರಿಂಗ್ ಇಲ್ಲದ ಬೈಕ್ ಬಂದ್ರೆ ಸೆಕ್ಯುರಿಟಿ ಅಂಕಲ್ ಒಬ್ಬರೇ ನೋಡ್ತಾರೆ, ಅದೂ ಐಡಿ ಕಾರ್ಡ್ ಕೇಳೋಕೆ. ಹೊಸ ಬೈಕ್ ತಗೋಬೇಕು ಅಂತ ಹೊರಟವರ ಚರ್ಚೆಯೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತೆ: "ನೇಕೆಡ್ ಬೇಡ ಮಚ್ಚಾ, ಫೇರಿಂಗ್ ಇರೋದೇ ತಗೋ."

ಚೆನ್ನಾಗಿ ಕಾಣೋದು ಬೇಕು ಅನ್ನೋದರಲ್ಲಿ ತಪ್ಪೇನೂ ಇಲ್ಲ. ನಾವೂ ಹತ್ತೊಂಬತ್ತು ವರ್ಷದವರೇ. ಆದರೆ ಫೇರಿಂಗ್ ಅನ್ನೋದು ಒಂದು ನಿರ್ದಿಷ್ಟ ಕೆಲಸಕ್ಕೆ ಅಂತ ಹುಟ್ಟಿದ ಭಾಗ. ಆ ಕೆಲಸ ನಮ್ಮ ರಸ್ತೆಯಲ್ಲಿ, ನಮ್ಮ ಸ್ಪೀಡಿನಲ್ಲಿ ನಡೀತಿದೆಯಾ ಅಂತ ಒಂದು ಸಲವೂ ಲೆಕ್ಕ ಹಾಕದೆ ಮನೆಯವರ ದುಡ್ಡನ್ನ ಅದಕ್ಕೆ ಸುರಿಯೋದು ಇಂಜಿನಿಯರಿಂಗ್ ಓದೋರಿಗೆ ಒಪ್ಪೋ ಮಾತಲ್ಲ ಅಂತ ನಮ್ಮ ಅಭಿಪ್ರಾಯ.

ಮೊದಲು ಫೇರಿಂಗ್ ಅಂದ್ರೇನು ನೋಡೋಣ. ಬೈಕಿನ ಚಾಸಿಗೆ ಹೊರಗಿನಿಂದ ಜೋಡಿಸಿರೋ ಚಿಪ್ಪು ಅದು. ಗ್ಯಾರೇಜಿನಲ್ಲಿ ಹೆಡ್‌ಲೈಟ್ ಸುತ್ತ ಇರೋದಕ್ಕೆ ಡೂಮ್ ಅಂತಾರೆ, ಅದರ ಮೇಲಿನ ಪಾರದರ್ಶಕ ಹಾಳೆಗೆ ವೈಸರ್, ಪಕ್ಕದಲ್ಲಿ ಇಂಜಿನ್ ಮುಚ್ಚೋದಕ್ಕೆ ಸೈಡ್ ಪ್ಯಾನೆಲ್. ಮೇಲಿನ ಭಾಗ ಮಾತ್ರ ಇದ್ರೆ ಹಾಫ್ ಫೇರಿಂಗ್, ಇಂಜಿನ್‌ವರೆಗೂ ಇಳಿದು ಬಂದ್ರೆ ಫುಲ್ ಫೇರಿಂಗ್. ಹೆಸರು ಬಂದಿರೋದು ಇಂಗ್ಲಿಷಿನ ಹಡಗು ಕಟ್ಟೋರ ಮಾತಿನಿಂದ. ಅಲ್ಲಿ 'ಫೇರ್' ಮಾಡೋದು ಅಂದ್ರೆ ಅಂಕುಡೊಂಕು ಇಲ್ಲದ ಹಾಗೆ ನುಣುಪಾದ ಬಾಗು ಕೊಡೋದು. ಗಾಳಿ ಎಲ್ಲೂ ಮುಗ್ಗರಿಸದೆ ಸರಾಗವಾಗಿ ಹಿಂದಕ್ಕೆ ಜಾರಿ ಹೋಗಲಿ ಅನ್ನೋದೇ ಉದ್ದೇಶ.

ಈಗ ಲೆಕ್ಕಕ್ಕೆ ಬರೋಣ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದನ್ನ ಎದುರಿಸೋಕೆ ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಎಕ್ಸಾಮ್‌ನಲ್ಲಿ ಇದನ್ನ ಬರೆದು ಮಾರ್ಕ್ಸ್ ತಗೊಂಡು ಅಲ್ಲೇ ಮರೆತುಬಿಡ್ತೀವಿ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರ್‌ಗೆ ಸುಮಾರು 1.1 ಕೆಜಿ. ಡ್ರ್ಯಾಗ್ ಕೋಎಫಿಶಿಯೆಂಟ್ ಮತ್ತು ಎದುರಿನ ವಿಸ್ತೀರ್ಣದ ಗುಣಲಬ್ಧ ನೇಕೆಡ್ ಬೈಕ್ ಮೇಲೆ ನೆಟ್ಟಗೆ ಕೂತವರಿಗೆ 0.6 ಚದರ ಮೀಟರ್, ಫುಲ್ ಫೇರಿಂಗ್ ಬೈಕ್ ಮೇಲೆ ಟ್ಯಾಂಕಿಗೆ ಎದೆ ತಾಗಿಸಿ ಬಗ್ಗಿದವರಿಗೆ 0.4 ಅಂತ ಅಂದಾಜು ಇಟ್ಕೊಳ್ಳೋಣ.

ಗಂಟೆಗೆ 40 ಕಿ.ಮೀ.ನಲ್ಲಿ ಗಾಳಿ ಸೀಳೋಕೆ ನೇಕೆಡ್ ಬೈಕ್‌ಗೆ ಸುಮಾರು 450 ವಾಟ್ ಬೇಕು, ಫೇರಿಂಗ್ ಬೈಕ್‌ಗೆ 300 ವಾಟ್. ಉಳಿತಾಯ 150 ವಾಟ್, ಅಂದ್ರೆ ಹಾಸ್ಟೆಲ್ ರೂಮಿನ ಎರಡು ಹಳೇ ಸೀಲಿಂಗ್ ಫ್ಯಾನ್ ಎಳೆಯೋವಷ್ಟು. 80ರಲ್ಲಿ ಅದೇ ಲೆಕ್ಕ ಎಂಟು ಪಟ್ಟಾಗುತ್ತೆ: 3600 ವಾಟ್ ಮತ್ತು 2400 ವಾಟ್. ಉಳಿತಾಯ 1200 ವಾಟ್. ಎರಡು ಫ್ಯಾನ್ ಇದ್ದದ್ದು ವಾರ್ಡನ್ ಕಣ್ಣು ತಪ್ಪಿಸಿ ಬಕೆಟ್ಟಿಗೆ ಇಳಿಬಿಡೋ ವಾಟರ್ ಹೀಟರ್ ಆಯ್ತು. ವೇಗ ಎರಡು ಪಟ್ಟಷ್ಟೇ ಆಗಿದ್ದು.

ಹಾಗಾದ್ರೆ ನಾವು ಓಡಿಸೋದು ಎಷ್ಟರಲ್ಲಿ? ಹಾಸ್ಟೆಲ್‌ನಿಂದ ಕಾಲೇಜು, ಕಾಲೇಜಿನಿಂದ ದರ್ಶಿನಿ, ನಡುವೆ ಮೂರು ಸಿಗ್ನಲ್, ಆರು ಹಂಪ್. ಸ್ಪೀಡೋಮೀಟರ್ ಮುಳ್ಳು 40 ದಾಟಿದ್ರೆ ಪುಣ್ಯ. ಹೆದ್ದಾರಿಯಲ್ಲೂ ಕೇಂದ್ರ ಸರ್ಕಾರ 2018ರಲ್ಲಿ ಬೈಕ್‌ಗೆ ಹಾಕಿದ ಗರಿಷ್ಠ ಮಿತಿ 80. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗಂತೂ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯೇ ಗತಿ. ಇನ್ನೊಂದು ವಿಷಯ: ಲೆಕ್ಕದ ಆ 0.4 ಸಿಗೋದು ಬಗ್ಗಿ ಕೂತಾಗ ಮಾತ್ರ. ಸಿಟಿ ಟ್ರಾಫಿಕ್‌ನಲ್ಲಿ ಟ್ಯಾಂಕ್ ಮೇಲೆ ಯಾರೂ ಮಲಗಲ್ಲ. ತಲೆ, ಭುಜ ವೈಸರ್‌ಗಿಂತ ಮೇಲೆದ್ದರೆ ಕಂಪನಿಯವರು ಕೊಟ್ಟ ಆಕಾರ ಅರ್ಧ ಕೆಟ್ಟ ಹಾಗೆ. ಬೈಕಿನ ಮೇಲೆ ಕೂತ ನಾವೂ ಆ ಆಕಾರದ ಒಂದು ಭಾಗ.

ಹಾಗಂತ ಫೇರಿಂಗೇ ದಂಡ ಅನ್ನೋ ಮಾತಿಗೂ ನಮ್ಮ ಒಪ್ಪಿಗೆ ಇಲ್ಲ. ಅದರ ನಿಜವಾದ ಬೆಲೆ ಗೊತ್ತಾಗೋದು ದೂರದ ಪ್ರಯಾಣದಲ್ಲಿ. ನಮ್ಮ ಲೆಕ್ಕದ ಪ್ರಕಾರವೇ 80ರಲ್ಲಿ ನೇಕೆಡ್ ಬೈಕ್ ಮತ್ತು ರೈಡರ್ ಮೇಲೆ ಬೀಳೋ ಗಾಳಿಯ ಒತ್ತಡ ಸುಮಾರು 16 ಕೆಜಿ ತೂಕಕ್ಕೆ ಸಮ, ಒಂದು ತುಂಬಿದ ಕೊಡದಷ್ಟು. ಅದರಲ್ಲಿ ದೊಡ್ಡ ಪಾಲು ಎದೆ, ಭುಜ, ಹೆಲ್ಮೆಟ್ ಮೇಲೇ. ಬಿದ್ದು ಹೋಗದ ಹಾಗೆ ಹ್ಯಾಂಡಲ್ ಹಿಡಿದುಕೊಂಡ ಕೈ ಮೂರು ಗಂಟೆ ಅದರ ಜೊತೆ ಗುದ್ದಾಡಬೇಕು. ಊರು ತಲುಪಿದ ಮೇಲೆ ಕುತ್ತಿಗೆ ನೋವು, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ಒಂದು ಒಳ್ಳೆಯ ವೈಸರ್ ಆ ಗಾಳಿಯನ್ನ ಎದೆಯಿಂದ ಎತ್ತಿ ಭುಜದ ಮೇಲೆ ಸಾಗಿಸುತ್ತೆ. ಮಲೆನಾಡಿನ ಮಳೆಯಲ್ಲಿ, ಡಿಸೆಂಬರಿನ ಬೆಳಗಿನ ಜಾವದಲ್ಲಿ ಓಡಿಸಿದವರಿಗೆ ಇದನ್ನ ವಿವರಿಸೋದೇ ಬೇಡ. ದಣಿಯದ ರೈಡರ್‌ಗೆ ಬ್ರೇಕ್ ಹಿಡಿಯೋ ಕ್ಷಣದಲ್ಲಿ ತಲೆ ಓಡುತ್ತೆ. ಆದ್ದರಿಂದ ಇದನ್ನ ಬರೀ ಆರಾಮ ಅಂತ ತಳ್ಳಿ ಹಾಕೋ ಹಾಗಿಲ್ಲ.

ಇತಿಹಾಸವೂ ಇದನ್ನೇ ಹೇಳುತ್ತೆ. 1950ರ ದಶಕದಲ್ಲಿ ರೇಸ್ ಬೈಕ್‌ಗಳಿಗೆ ಮುಂದಿನ ಚಕ್ರವನ್ನೂ ಸೇರಿಸಿ ಮುಚ್ಚೋ 'ಡಸ್ಟ್‌ಬಿನ್' ಫೇರಿಂಗ್ ಬಂತು. ಇಟಲಿಯ ಮೋಟೋ ಗುಝಿ ಕಂಪನಿ ಮಾಂಡೆಲ್ಲೋದ ತನ್ನ ಕಾರ್ಖಾನೆಯಲ್ಲೇ ವಿಂಡ್ ಟನಲ್ ಕಟ್ಟಿಕೊಂಡಿತ್ತು. ಅವರ ಎಂಟು ಸಿಲಿಂಡರಿನ 500 ಸಿಸಿ ಬೈಕ್ 1957ರಲ್ಲಿ ಗಂಟೆಗೆ ಸುಮಾರು 275 ಕಿ.ಮೀ. ಮುಟ್ಟಿತು. ಆದರೆ ಅಷ್ಟು ದೊಡ್ಡ ಚಿಪ್ಪಿಗೆ ಪಕ್ಕದಿಂದ ಗಾಳಿ ಹೊಡೆದ್ರೆ ಹಾಯಿಪಟಕ್ಕೆ ಹೊಡೆದ ಹಾಗೆ, ಬೈಕ್ ದಾರಿ ತಪ್ಪುತ್ತಿತ್ತು. 1957ರ ಸೀಸನ್ ಮುಗಿಯುತ್ತಲೇ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಅದನ್ನ ನಿಷೇಧಿಸಿತು. ಆಮೇಲೆ 1976ರಲ್ಲಿ ಬಂದ ಬಿಎಂಡಬ್ಲ್ಯೂ ಆರ್100ಆರ್‌ಎಸ್ ಬೇರೆ ದಾರಿ ತೋರಿಸಿತು. ಪಿನಿನ್‌ಫರಿನಾ ವಿಂಡ್ ಟನಲ್‌ನಲ್ಲಿ ತಿದ್ದಿದ ಅದರ ಫುಲ್ ಫೇರಿಂಗ್ ಹ್ಯಾಂಡಲ್‌ಗೆ ಅಂಟಿಕೊಂಡಿರಲಿಲ್ಲ, ಫ್ರೇಮಿಗೆ ಕೂತಿತ್ತು. ಗಾಳಿಯ ಹೊರೆ ಸ್ಟಿಯರಿಂಗ್ ಮೇಲೆ ಬೀಳುತ್ತಿರಲಿಲ್ಲ. ಮುಖ್ಯವಾಗಿ ಅದನ್ನ ಮಾಡಿದ್ದು ದಿನವಿಡೀ ಓಡಿಸೋ ರೈಡರ್‌ಗೋಸ್ಕರ.

ನಮ್ಮಲ್ಲಿ 2003ರ ಕರಿಜ್ಮಾದ ಹಾಫ್ ಫೇರಿಂಗ್, 2008ರ ಯಮಹಾ ಆರ್15ರ ಫುಲ್ ಫೇರಿಂಗ್ ಕಾಲೇಜು ಹುಡುಗರ ಕನಸನ್ನೇ ಬದಲಾಯಿಸಿದವು. ಆರ್15ರಲ್ಲಿ ಫೇರಿಂಗ್ ಜೊತೆಗೆ ಲಿಕ್ವಿಡ್ ಕೂಲಿಂಗ್ ಕೂಡ ಬಂತು ಅನ್ನೋದನ್ನ ಮಾತ್ರ ಯಾರೂ ಅಷ್ಟು ಹೇಳಲ್ಲ. ಇಂಜಿನ್ ಮುಚ್ಚಿದ ಮೇಲೆ ಅದರ ಬಿಸಿ ಎಲ್ಲಿಂದ ಒಳಗೆ ಬಂದ ಗಾಳಿಗೆ ಸೇರಿ ಎಲ್ಲಿಂದ ಹೊರಗೆ ಹೋಗಬೇಕು ಅನ್ನೋದೂ ಫೇರಿಂಗ್ ಡಿಸೈನಿನ ಭಾಗ.

ನಮಗೆ ನಿಜಕ್ಕೂ ಭಯ ಆಗೋದು ಇಲ್ಲೇ. ಏರ್ ಕೂಲ್ಡ್ ಕಮ್ಯೂಟರ್ ಬೈಕ್‌ಗೆ ಫೈಬರ್ 'ಬಾಡಿ ಕಿಟ್' ಹಾಕಿಸಿ 'ಸೂಪರ್ ಬೈಕ್' ಮಾಡೋದು ಕ್ಯಾಂಪಸ್‌ನಲ್ಲಿ ಈಗಲೂ ನಡೀತಿದೆ. ಆ ಇಂಜಿನ್ನಿನ ಫಿನ್‌ಗಳು ತಣ್ಣಗಾಗೋದು ಎದುರು ಗಾಳಿಯಿಂದ. ಅದನ್ನೇ ಮುಚ್ಚಿದ್ರೆ ಟ್ರಾಫಿಕ್‌ನಲ್ಲಿ ಇಂಜಿನ್ ಕಾಯುತ್ತೆ, ಜೊತೆಗೆ ನಮ್ಮ ತೊಡೆಯೂ. ಕಿಟ್ ಅಗಲ ಇದ್ರೆ ಹ್ಯಾಂಡಲ್ ಪೂರ್ತಿ ತಿರುಗಲ್ಲ, ಯು-ಟರ್ನ್‌ನಲ್ಲಿ ಪ್ಯಾನೆಲ್‌ಗೆ ಬೆರಳು ಸಿಕ್ಕಿಹಾಕಿಕೊಳ್ಳುತ್ತೆ. ಹೆಡ್‌ಲೈಟ್ ಜಾಗ ಬದಲಾದ್ರೆ ಬೆಳಕು ರಸ್ತೆಗೆ ಬೀಳೋ ಬದಲು ಎದುರಿನವರ ಕಣ್ಣಿಗೆ. ಯಾವ ವಿಂಡ್ ಟನಲ್ಲೂ ನೋಡದ ಆ ಚಿಪ್ಪು ಚಿತ್ರದುರ್ಗದ ಗಾಳಿಯಂತ್ರಗಳ ಬಯಲಲ್ಲಿ ಲಾರಿ ದಾಟುವಾಗ ಹೇಗೆ ನಡ್ಕೊಳ್ಳುತ್ತೆ ಅಂತ ಹಾಕಿಸಿಕೊಂಡವರಿಗೂ ಗೊತ್ತಿಲ್ಲ, ಹಾಕಿಕೊಟ್ಟವರಿಗೂ ಗೊತ್ತಿಲ್ಲ. ಮೋಟೋ ಗುಝಿಯಂಥವರಿಗೇ ಕಷ್ಟವಾದ ಲೆಕ್ಕ ಅದು.

"ಬಿದ್ರೆ ಫೇರಿಂಗ್ ಕಾಪಾಡುತ್ತೆ" ಅಂತಲೂ ಕೇಳಿದೀವಿ. ಕಾಪಾಡಲ್ಲ. ತೆಳು ಪ್ಲಾಸ್ಟಿಕ್ ಅದು. ನಿಂತಲ್ಲೇ ಬೈಕ್ ವಾಲಿದ್ರೂ ಕ್ಲಿಪ್ ಮುರಿದು ಪ್ಯಾನೆಲ್ ಸೀಳುತ್ತೆ, ಹೊಸದರ ಬಿಲ್ ನೋಡಿದ್ರೆ ಮೆಸ್ ಊಟ ರುಚಿಸಲ್ಲ. ಚರ್ಮ ಉಳಿಸೋದು ಜಾಕೆಟ್, ಗ್ಲೌಸ್, ಶೂ. ತಲೆ ಉಳಿಸೋದು ಸ್ಟ್ರ್ಯಾಪ್ ಬಿಗಿದ ಹೆಲ್ಮೆಟ್.

ಹಾಗಾಗಿ ನಮ್ಮ ಸಲಹೆ ಹೀಗಿದೆ. ಒಂದೇ ಇಂಜಿನ್ ಮೇಲೆ ಫೇರಿಂಗ್ ಇರೋದು, ಇಲ್ಲದ್ದು ಎರಡೂ ಸಿಗುತ್ತೆ: ಆರ್15 ಮತ್ತು ಎಂಟಿ-15, ಪಲ್ಸರ್ ಆರ್‌ಎಸ್200 ಮತ್ತು ಎನ್‌ಎಸ್200. ತಿಂಗಳಿಗೆ ಎಷ್ಟು ಸಲ ಹೆದ್ದಾರಿಗೆ ಇಳೀತೀರಿ ಅಂತ ಪ್ರಾಮಾಣಿಕವಾಗಿ ಎಣಿಸಿ. ವಾರವಾರ ಊರಿಗೆ ಬೈಕಲ್ಲೇ ಹೋಗೋರಾದ್ರೆ ಫೇರಿಂಗ್ ತಗೊಳ್ಳಿ, ಧಾರಾಳವಾಗಿ ತಗೊಳ್ಳಿ, ಆದರೆ ನಿಮ್ಮ ಎತ್ತರಕ್ಕೆ ವೈಸರ್ ಹೊಂದುತ್ತಾ ಅಂತ ಓಡಿಸಿ ನೋಡಿ. ವೈಸರ್ ತುದಿಯಿಂದ ಹೊರಟ ಸುಳಿಗಾಳಿ ಸರಿಯಾಗಿ ಹೆಲ್ಮೆಟ್‌ಗೇ ಬಡಿಯೋ ಹಾಗಿದ್ರೆ ಇಲ್ಲದೇ ಇರೋದೇ ವಾಸಿ. ಕಾಲೇಜು, ದರ್ಶಿನಿ ಅಷ್ಟೇ ಅನ್ನೋರು ನೇಕೆಡ್ ತಗೊಂಡು ಉಳಿದ ದುಡ್ಡಲ್ಲಿ ಒಳ್ಳೆ ಜಾಕೆಟ್, ಗ್ಲೌಸ್ ತಗೊಳ್ಳಿ. ಬಾಡಿ ಕಿಟ್ ಮಾತ್ರ ಯಾರಿಗೂ ಬೇಡ.

ಮುಂದಿನ ಟೆಕ್ ಫೆಸ್ಟ್‌ನಲ್ಲಿ ಬೈಕ್ ಶೋ ಮಾಡೋ ಗೆಳೆಯರಿಗೂ ಒಂದು ಮನವಿ. 'ಬೆಸ್ಟ್ ಲುಕಿಂಗ್ ಬೈಕ್' ಬಹುಮಾನದ ಜೊತೆಗೆ ಫೇರಿಂಗ್ ಮೇಲೆ ಸಾಲಾಗಿ ಉಲನ್ ದಾರದ ತುಂಡು ಅಂಟಿಸಿ, ದೊಡ್ಡ ಫ್ಯಾನ್ ಮುಂದೆ ನಿಲ್ಲಿಸಿ, ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ. ದಾರ ಮೈಗೆ ಅಂಟಿಕೊಂಡು ಮಲಗಿದಲ್ಲಿ ಗಾಳಿ ಸರಾಗ, ಪಟಪಟ ಕುಣಿದಲ್ಲಿ ಸುಳಿ. ಮೆಕ್ಯಾನಿಕಲ್ ಲ್ಯಾಬ್‌ನ ಅನುಮತಿ ಸಿಕ್ಕಿದ್ರೆ ದಾರ ಅಂಟಿಸೋಕೆ ನಾವು ಬರ್ತೀವಿ.