ತಾಯಿಯಂತೆ ಮಗಳು: ಈ ಗಾದೆ ಎಲ್ಲರಿಗೂ ಸರಿಯೇ?

ನಮ್ಮ ಊರಾಗ ಹಿರಿಯರು ಮಾತಿಗೊಮ್ಮೆ "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಅಂತಾರ. ಯಾರಾದರೂ ಚಲೋ ಓದಿದರೆ "ಅವರ ಮನೆತನಾನೇ ಹಂಗ" ಅಂತಾರ. ಹಿಂದೆ ಬಿದ್ದರೆ ಆಗಲೂ ಮನೆತನದ್ದೇ ಮಾತು. ಈ ಗಾದೆ ಅರ್ಧ ಖರೆ, ಅರ್ಧ ಸುಳ್ಳು ಎಂದು ನನ್ನ ಅಭಿಪ್ರಾಯ. ಇಬ್ಬರು ಹೆಣ್ಣುಮಕ್ಕಳ ಮನೆಯ ಕಥೆ ಹೇಳುತ್ತೇನೆ, ನೀವೇ ನೋಡಿರಿ.

ಮೊದಲನೆಯವರು ಅಮೆರಿಕದ ಸಾರಾ ಮ್ಯಾಪ್ಸ್ ಡಗ್ಲಸ್. 1806ರಲ್ಲಿ ಫಿಲಡೆಲ್ಫಿಯಾ ಊರಿನಲ್ಲಿ ಹುಟ್ಟಿದ ಕಪ್ಪು ಜನಾಂಗದ ಶಿಕ್ಷಕಿ. ಆಗ ಆ ದೇಶದಲ್ಲಿ ಕಪ್ಪು ಜನರನ್ನು ದನದ ಹಾಗೆ ಮಾರುತ್ತಿದ್ದರು. ಸಾರಾ ಅವರ ತಾಯಿಯ ತಂದೆ ಸೈರಸ್ ಬಸ್ಟಿಲ್ ಹುಟ್ಟಿದ್ದೇ ಗುಲಾಮರಾಗಿ. ಅವರು ಬ್ರೆಡ್ ಮಾಡುವ ಕೆಲಸ ಕಲಿತು, ಸ್ವತಂತ್ರರಾಗಿ, ಸ್ವಂತ ಬೇಕರಿ ಇಟ್ಟರು. ವಯಸ್ಸಾದ ಮೇಲೆ ಮಕ್ಕಳಿಗಾಗಿ ಶಾಲೆಯನ್ನೂ ತೆರೆದರು. ಅವರ ಮಗಳು ಗ್ರೇಸ್ ಟೋಪಿ ಅಂಗಡಿ ನಡೆಸುತ್ತಿದ್ದರು. 1833ರಲ್ಲಿ ಆ ಊರಿನ ಹೆಂಗಸರು ಗುಲಾಮಗಿರಿ ವಿರುದ್ಧ ಸಂಘ ಕಟ್ಟಿದಾಗ ತಾಯಿ ಗ್ರೇಸ್, ಮಗಳು ಸಾರಾ ಇಬ್ಬರೂ ಅದರಲ್ಲಿ ಇದ್ದರು. ಇಲ್ಲಿ ಗಾದೆ ಖರೆ ಆತು.

ಎರಡನೆಯವರು ನಮ್ಮ ಬೆಳಗಾವಿ ಜಿಲ್ಲೆಯವರೇ. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ. ಅವರ ಊರಿಗೆ ಖಾನಾಪುರದಿಂದ ಬಸ್ಸಿನಾಗ ಹೊಂಟ್ರ ಒಂದು ದಿನದೊಳಗ ಹೋಗಿ ಬರಬಹುದು. ಅವರಿಗೆ ಏಳು ವರ್ಷ ಇದ್ದಾಗಲೇ ಮನೆಯವರು ಮುತ್ತು ಕಟ್ಟಿ ದೇವದಾಸಿ ಮಾಡಿದರು. ಏಳು ವರ್ಷ ಅಂದರೆ ನಮ್ಮ ಎರಡನೇ ಇಯತ್ತೆಯ ಮಗು! ಹಾಗೆ ಬಿಟ್ಟ ಹೆಣ್ಣು ಮದುವೆ ಆಗುವ ಹಾಗಿಲ್ಲ. ಅವಳ ಮಕ್ಕಳಿಗೆ ತಂದೆಯ ಹೆಸರು ಸಿಗುವುದಿಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1934ರಲ್ಲೇ ಇದನ್ನು ತಡೆಯಲು ಕಾನೂನು ಬಂದಿತ್ತು. 1982ರಲ್ಲಿ ಕರ್ನಾಟಕವೂ ಕಾನೂನು ಮಾಡಿತು. ಆದರೆ ಕಾನೂನು ಪುಸ್ತಕದಾಗ ಇತ್ತು, ಪದ್ಧತಿ ಮನೆಯೊಳಗ ಇತ್ತು.

1997ರಲ್ಲಿ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಸೀತವ್ವ ಅದನ್ನು ಮುನ್ನಡೆಸಿದರು. ತಮಗಾದದ್ದು ಬೇರೆ ಹುಡುಗಿಯರಿಗೆ ಆಗಬಾರದೆಂದು ಊರೂರಿಗೆ ಹೋಗಿ ತಿಳಿಹೇಳಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಾರಾ ಅವರಿಗೆ ಮನೆಯೇ ಬೆನ್ನಿಗಿತ್ತು. ಸೀತವ್ವ ಮನೆಯ ಪದ್ಧತಿಯನ್ನೇ ಎದುರಿಸಬೇಕಾಯಿತು. ನೂಲು ನೋಡಿ ಸೀರೆ ಹೇಳುವವರು ಈಗ ಏನು ಹೇಳ್ತಾರ?

"ಮನೆತನ ಕೇಳೋದ್ರಾಗ ತಪ್ಪೇನೈತಿ?" ಎಂದು ಕೆಲವರು ಕೇಳಬಹುದು. ತಿಳಿದುಕೊಳ್ಳಲಿಕ್ಕೆ ಕೇಳಲಿ. ಸಾರಾ ಅವರ ಅಜ್ಜನ ಕಥೆ ಕೇಳಿದರೆ ನಮಗೂ ಧೈರ್ಯ ಬರುತ್ತದೆ. ಆದರೆ ಒಬ್ಬರನ್ನು ತೂಗಿ ನೋಡಲಿಕ್ಕೆ ಕೇಳಬಾರದು. ದೇವದಾಸಿ ತಾಯಂದಿರ ಮಕ್ಕಳಿಗೆ ಶಾಲೆ ಫಾರ್ಮಿನಾಗ "ತಂದೆಯ ಹೆಸರು" ಅನ್ನೋ ಒಂದು ಗೆರೆ ಎಷ್ಟು ಭಾರ ಆಗ್ತದ, ವಿಚಾರ ಮಾಡಿರಿ. ಆ ಹೆಸರು ಬರೆಯಲೇಬೇಕು ಎಂಬ ಒತ್ತಾಯ ಇರಬಾರದೆಂದು 2025ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಹೊಸ ಮಸೂದೆ ಒಪ್ಪಿತು. ಬಹಳ ಚಲೋ ಆತು. ಆದರೆ ಫಾರ್ಮು ಕೇಳದಿದ್ದರೂ ಬಾಜೂಕ ಕುಂತ ನಾವೇ ಕೇಳಿದರೆ ಏನು ಉಪಯೋಗ?

ಅದಕ್ಕೆ ನನ್ನ ವಿನಂತಿ ಇಷ್ಟೇ. ಹೊಸದಾಗಿ ಶಾಲೆಗೆ ಬಂದವರಿಗೆ "ನಿಮ್ಮಪ್ಪ ಏನ್ ಮಾಡ್ತಾರ?" ಅಂತ ಮೊದಲು ಕೇಳೋದು ಬಿಡೋಣ. ಯಾವ ಆಟ ಬರ್ತದ, ಯಾವ ಪಾಠ ಸೇರ್ತದ ಅಂತ ಕೇಳೋಣ. ಗುರುಗಳೂ ಮನೆಯ ಸುದ್ದಿಯನ್ನು ಎಲ್ಲರ ಎದುರಿಗೆ ಕೇಳದೆ, ಬೇಕಿದ್ದರೆ ಒಬ್ಬರನ್ನೇ ಕರೆದು ಕೇಳಬೇಕು. ಸಣ್ಣ ಬಾಯಾಗ ದೊಡ್ಡ ಮಾತು ಅನಬ್ಯಾಡ್ರಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿರಿ, ಇದೇ ಗೋಡೆಯ ಮೇಲೆ ಹಚ್ಚೋಣ.

– ಏಳನೇ ಇಯತ್ತೆಯ ವಿದ್ಯಾರ್ಥಿನಿ